ನನ್ನ ಎಡ ಅಂಗೈ

ಲಿಂಗ ಮೊದಲ ಸಲ ಕೈಯಿಂದ ಜಾರಿ ಬಿದ್ದಾಗ ಮನೆಯವರೆಲ್ಲ ಲಿಂಗವನ್ನು ನೋಡಿದರು. ಕೈಯನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ನಮ್ಮದು ನವಲಗುಂದ ತಾಲ್ಲೂಕಿನ ಮೊರಬ. ಮನೆಯಲ್ಲಿ ಇರುವುದು ನಾನು, ನಮ್ಮವರು ಮತ್ತು ಅತ್ತೆ. ಅವತ್ತು ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದೆ. ಬಲಗೈಯಿಂದ ಬಿಲ್ವಪತ್ರಿ ಏರಿಸಬೇಕು ಅನ್ನುವಷ್ಟರಲ್ಲಿ ಟಕ್ ಅಂತ ಸದ್ದಾಯಿತು. ಲಿಂಗ ನೆಲದ ಮೇಲೆ ಉರುಳಿಕೊಂಡು ಹೋಗಿ ಅತ್ತೆ ಕೂತಿದ್ದ ಮಣೆಗೆ ತಾಗಿ ನಿಂತಿತು. ನನ್ನ ಅಂಗೈ ಯಾವಾಗ ಮಗುಚಿತ್ತೋ ನನಗೆ ಗೊತ್ತೇ ಆಗಿರಲಿಲ್ಲ.

"ಪ್ರಾಣಾನ ಕೆಡವಿದೆಲ್ಲಾ ಶಾಂತವ್ವಾ!" ಅಂದರು ಅತ್ತೆ.

ಅತ್ತೆ ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದಲ್ಲ. ನಮ್ಮಲ್ಲಿ ಕೊರಳಿನ ಲಿಂಗ ಪ್ರಾಣಕ್ಕೆ ಸಮ. ಹುಟ್ಟಿದ ಕೂಸಿಗೆ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಜೊತೆಗೆ ಇರಬೇಕು. ಹಿಂದಿನವರು ಲಿಂಗ ಕಳೆದುಹೋದರೆ ಅನ್ನ ನೀರು ಬಿಟ್ಟು ಕೂತುಬಿಡುತ್ತಿದ್ದರು ಅಂತ ಅತ್ತೆ ಎಷ್ಟು ಸಲ ಹೇಳಿಲ್ಲ. ನಾನು ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. ಎತ್ತಿದ್ದು ಬಲಗೈಯಿಂದ.

ಆ ಎಡಗೈಯ ಬಗ್ಗೆ ಸ್ವಲ್ಪ ಹೇಳಬೇಕು. ಮೂರು ವರ್ಷದ ಹಿಂದೆ ನನಗೆ ಬಲಗಡೆ ಎದೆಯಲ್ಲಿ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿದರು, ಸಲೈನಿನಲ್ಲಿ ಔಷಧ ಏರಿಸಿದರು, ಕೂದಲು ಉದುರಿತು, ಮತ್ತೆ ಗುಂಗುರಾಗಿ ಬಂತು. ಇನ್ನು ಹೆದರುವುದೇನಿಲ್ಲ ಅಂದರು. ಆದರೆ ಬಲಗೈ ಮೊದಲಿನ ಹಾಗೆ ಎತ್ತಲು ಬರಲಿಲ್ಲ, ಕೆಲಸ ಹೆಚ್ಚಾದರೆ ಬಾತುಕೊಳ್ಳುತ್ತಿತ್ತು. ನಾನು ರೊಟ್ಟಿ ಬಡಿಯುವವಳು. ನವಲಗುಂದದ ಒಂದು ಖಾನಾವಳಿಗೆ ಕಟಕ ರೊಟ್ಟಿ ನನ್ನ ಮನೆಯಿಂದಲೇ ಹೋಗುತ್ತಿದ್ದವು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಹಟ ಹಿಡಿದು ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿತೆ. ಮೊದಮೊದಲು ಅವು ರೊಟ್ಟಿ ಅನ್ನುವ ಹಾಗೆ ಇರಲಿಲ್ಲ. ದೀಪಾವಳಿ ಹೊತ್ತಿಗೆ ದುಂಡಗೆ ಬರತೊಡಗಿದವು. "ಎಡಗೈ ರೊಟ್ಟಿ ತಿನ್ನೂ ಕಾಲಾ ಬಂತ ನೋಡ ನನಗ" ಅಂತ ಅತ್ತೆ ಮೂಗು ಮುರಿದು, ಇನ್ನೊಂದು ಹಾಕು ಅನ್ನುತ್ತಿದ್ದರು. ಕ್ಯಾನ್ಸರ್ ನನ್ನಿಂದ ಕಸಿದುಕೊಂಡದ್ದನ್ನು ಎಡಗೈ ನನಗೆ ತಂದುಕೊಟ್ಟಿತ್ತು. ನನಗೆ ಅದರ ಮೇಲೆ ಅಷ್ಟು ಜಂಬ ಇತ್ತು.

ಅದಕ್ಕೇ, ಲಿಂಗ ಬಿದ್ದ ದಿನ ನಮ್ಮವರು ಹೇಳಿದ ಮಾತು ನನಗೂ ಸರಿ ಕಂಡಿತು. "ಎಲ್ಲಾ ಭಾರಾ ಒಂದ ಕೈಮ್ಯಾಲ ಹಾಕಿದಿ. ದಣದೈತಿ ಅದು, ಮತ್ತೇನಿಲ್ಲ."

ಕೈ ದಣಿದದ್ದಕ್ಕೆ ವಿಶ್ರಾಂತಿ ಸಾಕು. ಲಿಂಗ ಬಿದ್ದದ್ದಕ್ಕೆ ಏನು ಮಾಡುವುದು? ಅತ್ತೆ ಅವತ್ತೇ ಊರ ಜಂಗಮರಾದ ಅಯ್ಯನವರನ್ನು ಕರೆಸಿದರು. ಅವರು ಬಾಗಿಲ ಬೆಳಕಿಗೆ ಹಿಡಿದು ಲಿಂಗಕ್ಕೆ ಬಿರುಕು ಬಿಟ್ಟಿದೆಯೇ ಅಂತ ನೋಡಿದರು. ಬಿಟ್ಟಿರಲಿಲ್ಲ. ಅಭಿಷೇಕ ಮಾಡಿ, ಹೊಸ ಶಿವದಾರ ಹಾಕಿ, ಕಿವಿಯಲ್ಲಿ ಮಂತ್ರ ಹೇಳಿ ಮತ್ತೆ ಕೊರಳಿಗೆ ಕಟ್ಟಿದರು. "ಮನಸ್ಸು ಚಂಚಲ ಆಗೈತಿ ತಂಗಿ. ಒಂದು ತಿಂಗಳು ಮೂರು ಹೊತ್ತು ಪೂಜಿ ಮಾಡು" ಅಂದರು. ಅವರದೇನೂ ತಪ್ಪಿಲ್ಲ. ಲಿಂಗ ಬಿದ್ದೈತ್ರಿ ಅಂತ ನಾವು ಅವರನ್ನು ಕರೆದಿದ್ದೆವು. ಕೈ ಬಿದ್ದೈತ್ರಿ ಅಂದಿದ್ದರೆ ಅವರೇ ದವಾಖಾನೆಗೆ ಹೋಗಿ ಅನ್ನುತ್ತಿದ್ದರು.

ಮೂರು ಹೊತ್ತು ಪೂಜೆ ಅಂದರೆ ಮೂರು ಹೊತ್ತು ಹೆದರಿಕೆ. ಲಿಂಗ ಮತ್ತೆ ಬಿತ್ತು. ಅತ್ತೆ ಒಳಗೆ ಹೋಗಿ ಹಳೆಯ ಕೌದಿ ತಂದು, ನಾಲ್ಕು ಮಡಿಕೆ ಮಾಡಿ ನನ್ನ ಮುಂದೆ ಹಾಸಿದರು. ಆಮೇಲೆ ಲಿಂಗ ಬಿದ್ದರೆ ಕೌದಿಯ ಮೇಲೆ ಬೀಳುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸದ್ದು ಬರದಿದ್ದರೆ ಬಿದ್ದ ಹಾಗಲ್ಲ ಅಂತ ಮನೆಯವರೆಲ್ಲ ಒಳಗೊಳಗೇ ಒಪ್ಪಿಕೊಂಡ ಹಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನಮ್ಮ ಮನೆಗೆ ಕನ್ನಡಿ ಬೇಕಾಯಿತು, ಅದೂ ಹೊರಗಿನಿಂದ ಬರಬೇಕಾಯಿತು.

ಬಂದವಳು ನನ್ನ ಮಗಳು ವಿಜಿ. ಅವಳನ್ನು ಅಣ್ಣಿಗೇರಿಗೆ ಕೊಟ್ಟಿದ್ದೇವೆ. ನನ್ನ ಮುಂದೆ ಊಟಕ್ಕೆ ಕೂತವಳು ಬಹಳ ಹೊತ್ತು ನನ್ನ ತಾಟನ್ನೇ ನೋಡಿದಳು.

"ಅವ್ವಾ, ಬದ್ನಿಕಾಯಿ ಯಾಕ ಮುಟ್ಟವಲ್ಲಿ? ನಿನಗ ಸೇರತೈತೆಲ್ಲ?"

"ಎಲ್ಲಿ ಬದ್ನಿಕಾಯಿ? ನೀಡೇ ಇಲ್ಲ ನನಗ."

ಅವಳು ಕೈ ಚಾಚಿ ನನ್ನ ತಾಟನ್ನು ಅರ್ಧ ಸುತ್ತು ತಿರುಗಿಸಿದಳು. ಬದನೆಕಾಯಿ, ಮೊಸರು, ಅರ್ಧ ರೊಟ್ಟಿ, ಎಲ್ಲ ಎಲ್ಲಿಂದಲೋ ಬಂದು ಕೂತ ಹಾಗೆ ಕಾಣಿಸಿದವು. ನನಗೆ ನಗು ಬಂತು. ಸಣ್ಣವಳಿದ್ದಾಗ ಅವಳು ಹೀಗೇ ಆಟ ಆಡುತ್ತಿದ್ದಳು ಅಂದುಕೊಂಡೆ. ಅವಳು ನಗಲಿಲ್ಲ. "ಎಷ್ಟ ದಿನದಿಂದ ಅವ್ವ ಹಿಂಗ ಅರ್ಧಾ ತಾಟ ಬಿಡಾಕತ್ತಾಳ?" ಅಂತ ಅಜ್ಜಿಯನ್ನು ಕೇಳಿದಳು. ಅತ್ತೆಗೆ ನಾನು ಎಡಗಡೆಯದನ್ನು ಬಿಡುವುದು ಗೊತ್ತಿತ್ತಂತೆ. ಬಾಯಿ ರುಚಿ ಕೆಟ್ಟಿರಬೇಕು ಅಂತ ಸುಮ್ಮನಿದ್ದರಂತೆ. ಮರುದಿನ ಬೆಳಿಗ್ಗೆಯೇ ವಿಜಿ ನನ್ನನ್ನೂ ನಮ್ಮವರನ್ನೂ ಹುಬ್ಬಳ್ಳಿಗೆ ಎಳೆದುಕೊಂಡು ಹೋದಳು.

ತಲೆಯ ಸ್ಕ್ಯಾನಿಂಗ್ ಮಾಡುವ ಕೋಣೆಯ ಹೊರಗೆ ನಿಂತಿದ್ದವನು "ಕೊಳ್ಳಾಗಿಂದೆಲ್ಲಾ ತಗೀರಿ" ಅಂದ. ತಾಳಿ ತೆಗೆದೆ. ಲಿಂಗ ತೆಗೆಯುವುದಿಲ್ಲ ಅಂದೆ. ಬೆಳ್ಳಿ ಕರಡಿಗೆ ಬೇಡವಾದರೆ ಬಿಡಿ, ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಳ್ಳುತ್ತೇನೆ ಅಂದೆ. ಎದೆಯ ಆಪರೇಶನ್ ಆದಾಗ ಹಾಗೇ ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಲು ಬಿಟ್ಟಿದ್ದರು. ಅವನು ಪಾಪ, ಮೆತ್ತಗೆ ಹೇಳಿದ. "ಅವಾಗ ಎದಿ ಇತ್ರಿ ಅಮ್ಮಾರ. ಈ ಸಲ ತಲೀನ ನೋಡಬೇಕಲ್ರಿ."

ನಮ್ಮವರು ಮುಂದೆ ಬಂದು ನನ್ನ ಕೊರಳಿನದನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡರು. ಅವರಿಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೆ. ಪೂಜೆಗೆ ಕೂತರೆ ಎರಡು ನಿಮಿಷಕ್ಕೆ ಎದ್ದು ದನದ ಕಡೆ ಹೋಗುವ ಮನುಷ್ಯ. ಆ ಯಂತ್ರದೊಳಗೆ ಗಿರಣಿಯ ಹಾಗೆ ಸದ್ದು. ಅಷ್ಟು ಸದ್ದಿನಲ್ಲಿ ನನಗೆ ಆಗಿದ್ದು ಒಂದೇ ಚಿಂತೆ, ನಾನು ಇಲ್ಲೇ ಸತ್ತರೆ ಲಿಂಗ ಇಲ್ಲದೆ ಸಾಯುತ್ತೇನಲ್ಲ ಅಂತ. ಹೊರಗೆ ಬಂದಾಗ ಬೆಂಚಿನ ಮೇಲೆ ಅವರು ಎರಡು ಲಿಂಗ ಕಟ್ಟಿಕೊಂಡು, ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, ಯಾರೋ ಕಸಿದುಕೊಳ್ಳಲು ಬಂದಿದ್ದಾರೆ ಅನ್ನುವ ಹಾಗೆ ಕೂತಿದ್ದರು. "ಭಾರ ಐತಲ್ಲ ನಿಂದು" ಅಂತ ನಗಿಸಲು ನೋಡಿದರು. ಇಬ್ಬರಿಗೂ ನಗು ಬರಲಿಲ್ಲ.

ಡಾಕ್ಟರು ಮೊದಲು ಅವರೊಬ್ಬರನ್ನೇ ಒಳಗೆ ಕರೆದರು. ಒಳಗೆ ಹೋದವರು ಹೊರಗೆ ಬಂದು ಸೀದಾ ನಳದ ಕಡೆ ಹೋಗಿ, ಆಮೇಲೆ ನನ್ನ ಹತ್ತಿರ ಬಂದರು.

"ಸಣ್ಣ ಗಂಟಂತ. ಕರಗಸ್ತಾರಂತ."

"ಸಣ್ಣದಿದ್ದರ ಮಾರಿ ಯಾಕ ತೊಳಕೊಂಡ ಬಂದ್ರಿ?"

ನಾನು ವಿಜಿಯ ಕೈ ಹಿಡಿದುಕೊಂಡು ನಾನೇ ಒಳಗೆ ಹೋದೆ. ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. "ಮೇಡಂ, ಎದಿಯಾಗಿಂದ ತಲಿಗೆ ಹತ್ತೇತಿ, ಹೌದಲ್ರಿ?" ಅಂದೆ. ಹೌದು ಅಂದರು. ಒಂದಲ್ಲ, ಮೂರು ನಾಲ್ಕು ಕಡೆ ಇದೆ ಅಂದರು.

"ಆರಾಮ ಆಗತೈತೇನ್ರಿ?"

"ಪೂರ್ತಿ ಆರಾಮ ಆಗತೈತಿ ಅಂತ ಸುಳ್ಳ ಹೇಳೂದಿಲ್ರಿ ಅಮ್ಮಾ. ಕರೆಂಟ್ ಕೊಟ್ರ ಸ್ವಲ್ಪ ದಿನಾ ತಡೀಬಹುದು."

"ಕೈ ಬರತೈತೇನ್ರಿ?"

"ಬಂದ್ರೂ ಬರಬಹುದು. ಬರದೇನೂ ಇರಬಹುದು."

"ಮತ್ತ ಬುದ್ಧಿ?"

ಅವರು ನನ್ನ ಮುಖ ಬಿಟ್ಟು ವಿಜಿಯ ಮುಖ ನೋಡಿದರು. ನನಗೆ ಅಷ್ಟು ಸಾಕಾಗಿತ್ತು.

ಅವತ್ತು ಬಸ್ಸಿನಲ್ಲಿ ಮೊರಬಕ್ಕೆ ಬರುವಾಗ ದಾರಿಯುದ್ದಕ್ಕೂ ಕಡಲೆ ಹೂಬಿಟ್ಟಿತ್ತು. ನಾನು ಕಿಟಕಿಗೆ ತಲೆ ಕೊಟ್ಟು ಒಂದೇ ಒಂದನ್ನು ಬೇಡಿಕೊಂಡೆ. ಉಳಿಸು ಅಂತ ಬೇಡಲಿಲ್ಲ, ಎದೆಗೆ ಬಂದಾಗ ಅದನ್ನು ಬೇಡಿ ಆಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆಗ ಎಡ ಅಂಗೈಯಲ್ಲಿ ಲಿಂಗವನ್ನು ಬೇರೆಯವರು ಇಡುತ್ತಾರೆ. ಬದುಕಿದ್ದವರು ತಮ್ಮ ಲಿಂಗವನ್ನು ತಾವೇ ಇಟ್ಟುಕೊಳ್ಳುತ್ತಾರೆ. ಇವೆರಡರ ನಡುವೆ ಇರುವ ವ್ಯತ್ಯಾಸ ನನಗೆ ಅಷ್ಟೇ ಅನ್ನಿಸಿತು. ಉಸಿರು ಇರುವವರೆಗೆ ನನ್ನ ಲಿಂಗ ನನ್ನ ಅಂಗೈಯಲ್ಲೇ ಇರಲಿ, ಅದನ್ನು ನಾನೇ ನೋಡುವಂತಾಗಲಿ, ಬೇರೇನೂ ಬೇಡ ಅಂದೆ.

ಕರೆಂಟ್ ಕೊಡುವುದು ಅಂದರೆ ರೇಡಿಯೇಶನ್. ಅದಕ್ಕೆ ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಜಾಳಿಗೆಯಂಥ ಹಾಳೆಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆದರು. ದಿನಾ ಆ ಅಚ್ಚನ್ನು ಮುಖಕ್ಕೆ ಹಾಕಿ ಮಂಚಕ್ಕೆ ಬಿಗಿದುಬಿಡುತ್ತಿದ್ದರು. ತುಟಿ ಕೂಡ ಅಲುಗುತ್ತಿರಲಿಲ್ಲ, ಶಿವಾ ಅನ್ನಬೇಕೆಂದರೂ ಗಂಟಲಲ್ಲೇ ಅನ್ನಬೇಕು. ಗುಂಗುರು ಕೂದಲು ಎರಡನೇ ಸಲ ತಲೆದಿಂಬಿಗೆ ಬಂದವು. ಮೊದಲ ಸಲ ಅತ್ತಿದ್ದೆ. ಈ ಸಲ ಕಸಬರಿಗೆಯಿಂದ ಗುಡಿಸಿ ಹಾಕಿದೆ.

ಅಲ್ಲಿ ಕಾಯುವ ಕಡೆ ಕಲಘಟಗಿ ಹತ್ತಿರದ ತಂಬೂರಿನ ಒಬ್ಬ ಹೆಣ್ಣುಮಗಳು ಪರಿಚಯವಾದಳು. ಅವಳ ಗಂಡನಿಗೆ ಶ್ವಾಸಕೋಶದಿಂದ ತಲೆಗೆ ಏರಿತ್ತು. ಅವನು ಅವಳನ್ನು ತನ್ನ ತೀರಿಹೋದ ಅಕ್ಕನ ಹೆಸರಿನಿಂದ ಕರೆಯುತ್ತಿದ್ದ. "ಅಕ್ಕಾ, ನೀರ ಕೊಡ" ಅನ್ನುತ್ತಿದ್ದ. ಅವಳು "ತಗೋ ತಮ್ಮಾ" ಅಂತ ಕೊಡುತ್ತಿದ್ದಳು. ನಿನಗೆ ಬೇಜಾರಾಗುವುದಿಲ್ಲವೇ ಅಂತ ಕೇಳಿದೆ. "ಯಾರಂತರ ತಿಳಕೋವಲ್ನಾಕ್ರಿ, ಕರೀತಾನಲ್ರಿ ಅಕ್ಕಾರ" ಅಂದಳು. ಡಬ್ಬಿಯಲ್ಲಿ ತಂದ ಅವಲಕ್ಕಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದಳು. ನನ್ನ ಬಲಕ್ಕೇ ಕೂರಬೇಕು ಅನ್ನುವುದನ್ನು ಎರಡನೇ ದಿನವೇ ತಿಳಿದುಕೊಂಡಿದ್ದಳು, ಎಡಕ್ಕೆ ಕೂತರೆ ನನಗೆ ಕಾಣುವುದಿಲ್ಲವಲ್ಲ. ಒಂದು ಸೋಮವಾರ ಅವರಿಬ್ಬರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನಾನು ನರ್ಸನ್ನು ಕೇಳಲಿಲ್ಲ. ನಮ್ಮವರು ಕೇಳಲು ಎದ್ದಾಗ ಅಂಗಿ ಹಿಡಿದು ಕೂರಿಸಿದೆ.

ಮನೆಯಲ್ಲಿ ಇನ್ನೊಂದು ಫಜೀತಿ. ತಲೆಯ ಬಾವು ಇಳಿಯಲು ಕೊಟ್ಟ ಗುಳಿಗೆಯನ್ನು ಬೆಳಿಗ್ಗೆ ಎದ್ದಕೂಡಲೇ ಏನಾದರೂ ತಿಂದು ನುಂಗಬೇಕು. ನಾನು ಬುದ್ಧಿ ಬಂದಾಗಿನಿಂದ ಪೂಜೆಗೆ ಮುಂಚೆ ಹನಿ ನೀರು ಮುಟ್ಟಿದವಳಲ್ಲ. ಈಗ ಪೂಜೆಗೆ ಕೂರುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ಅತ್ತೆ ಇದಕ್ಕೆ ಒಪ್ಪುತ್ತಾರೆ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಒಂದು ದಿನ ಒಂದು ಇಡ್ಲಿ, ಗುಳಿಗೆ, ನೀರು ತಂದು ಹಾಸಿಗೆಯ ಹತ್ತಿರವೇ ಇಟ್ಟರು. "ಕರಡಿಗಿ ತಗದು ಲಿಂಗಕ್ಕ ತೋರ್ಸಿ ನುಂಗು. ಗುಳಗಿನೂ ಪ್ರಸಾದನ ಆಗತೈತಿ" ಅಂದರು. ಎಂಬತ್ತು ದಾಟಿದ ಅವರು ಜ್ವರ ಬಂದಾಗಲೂ ಈ ನೇಮ ಮುರಿದವರಲ್ಲ. ನಾನು ಗುಳಿಗೆಯನ್ನು ಲಿಂಗಕ್ಕೆ ತೋರಿಸಿ ನುಂಗಿದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಬಂದವರೆಲ್ಲ ಧೈರ್ಯ ತಗೊಳ್ಳಿ ಅನ್ನುತ್ತಾರೆ. ಎಲ್ಲಿ ಸಿಗುತ್ತದೆ ಅಂತ ಒಬ್ಬರೂ ಹೇಳುವುದಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ನನ್ನಂಥವರು ಇದ್ದರೆ ಅವರಿಗೆ ನಾನು ಆ ಮಾತು ಹೇಳುವುದಿಲ್ಲ. ನನಗೆ ಧೈರ್ಯ ಇಲ್ಲ. ನೆರೆಯವಳ ಹೆಸರು ನೆನಪಾಗದಿದ್ದರೆ, ಇದು ವಯಸ್ಸೋ ಅದೋ ಅಂತ ಇಡೀ ಮಧ್ಯಾಹ್ನ ಹೆಸರು ಹುಡುಕುತ್ತ ಬೆವರುತ್ತೇನೆ. ಬರೆಯಲು ಕೂತರೆ ಹಾಳೆಯ ಬಲಗಡೆ ಅರ್ಧದಲ್ಲೇ ಅಕ್ಷರ ಗಿಜಿಗುಡುತ್ತವೆ, ಎಡಗಡೆ ಖಾಲಿ. ನನಗೆ ಮಾತ್ರ ಹಾಳೆ ತುಂಬಿದ ಹಾಗೆ ಕಾಣುತ್ತದೆ. ವಿಜಿ ವಾರಕ್ಕೊಮ್ಮೆ ಬಂದು ಅವನ್ನು ಫೋನಿನಲ್ಲಿ ಟೈಪ್ ಮಾಡಿಕೊಳ್ಳುತ್ತಾಳೆ. ಇಷ್ಟೆಲ್ಲ ಯಾಕೆ ಬರೆಯುತ್ತೀ ಅಂದಳು. ತಂಬೂರಿನವಳಿಗೆ ಅಂದೆ. ಅವಳ ಗಂಡ ಅಕ್ಕ ಅಂದಾಗ ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನೊಬ್ಬಳಾದರೂ ನೋಡಿದ್ದೇನೆ ಅಂತ ಅವಳಿಗೆ ಗೊತ್ತಾಗಲಿ.

ಕರೆಂಟ್ ಮುಗಿದ ಮೇಲೆ ತಲೆನೋವು ಇಳಿಯಿತು. ಕೈ ಬರಲಿಲ್ಲ. ಆಗ ನಮ್ಮವರು ಪೂಜೆಯ ಹೊತ್ತಿಗೆ ನನ್ನ ಪಕ್ಕ ಕೂರತೊಡಗಿದರು. ನನ್ನ ಎಡ ಅಂಗೈಯ ಅಡಿಗೆ ತಮ್ಮ ಅಂಗೈ ಕೊಟ್ಟು ಎತ್ತಿ ನನ್ನ ಕಣ್ಣೆದುರು ಬಲಕ್ಕೆ ತರುತ್ತಿದ್ದರು. ನಾನು ಬಲಗೈಯಿಂದ ಲಿಂಗ ಇಟ್ಟುಕೊಳ್ಳುತ್ತಿದ್ದೆ.

"ಕಾಣತೈತೇನ?"

"ಕಾಣತೈತ್ರಿ."

ವಿಭೂತಿ ಹಚ್ಚುತ್ತಿದ್ದೆ, ಪತ್ರಿ ಏರಿಸುತ್ತಿದ್ದೆ. ಎರಡು ನಿಮಿಷಕ್ಕೆ ಏಳುತ್ತಿದ್ದ ಮನುಷ್ಯ ನನ್ನ ಮಂತ್ರ ಮುಗಿಯುವವರೆಗೂ ಕದಲುತ್ತಿರಲಿಲ್ಲ. ಅಂಗೈಗೆ ಲಿಂಗದ ಭಾರ ತಿಳಿಯುತ್ತಿರಲಿಲ್ಲ. ಆದರೂ ಕಣ್ಣಿಗೆ ಕಾಣುತ್ತಿತ್ತು. ಬೇಡಿದ್ದು ಇಷ್ಟಾದರೂ ನಡೆಯಿತಲ್ಲ ಅಂತ, ಈ ರೋಗದಲ್ಲಿ ನಾನು ಸಮಾಧಾನದಿಂದ ಇದ್ದದ್ದು ಆ ಕೆಲವು ವಾರ ಮಾತ್ರ.

ಒಂದು ಬೆಳಿಗ್ಗೆ ಪತ್ರಿ ಏರಿಸುವಾಗ ಕಣ್ಣು ಲಿಂಗದಿಂದ ಕೆಳಗೆ ಜಾರಿತು. ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ. ಒಂದೂ ಇರಲಿಲ್ಲ. ಹೆಂಗಸಿನ ಕೈ ಯಾವಾಗ ಬರಿದಾಗುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. "ರೀ!" ಅಂತ ಚೀರಿದೆ.

"ಇಲ್ಲೇ ಅದೀನೆಲ್ಲ" ಅಂದರು ನನ್ನ ಕಿವಿಯ ಹತ್ತಿರವೇ.

ಆಮೇಲೆ ಸರಿಯಾಗಿ ನೋಡಿದೆ. ಮಣಿಕಟ್ಟಿನ ಮೇಲೆ ಕೂದಲಿತ್ತು. ಅದು ಅವರ ಕೈ. ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹುಡುಕಿದೆ. ನನ್ನ ಕೈ ಹಸಿರು ಬಳೆಗಳ ಸಮೇತ ತೊಡೆಯ ಮೇಲೆ ಬಿದ್ದಿತ್ತು, ಮುಷ್ಟಿ ಬಿಗಿದುಕೊಂಡು.

"ಯಾವಾಗಿನಿಂದ ಹಿಂಗ?"

"ಭಾಳ ದಿನಾತು. ಮುಷ್ಟಿ ಬಿಚ್ಚಾಕ ಹ್ವಾದ್ರ ನೋವಾಗಿ ಅಳತಿದ್ದಿ."

"ನಾ ಅತ್ತಿಲ್ಲ."

"ಅಳತಿದ್ದಿ, ಶಾಂತಾ."

ನನಗೆ ಒಂದು ದಿನವೂ ನೆನಪಿಲ್ಲ. ಅತ್ತೆಯ ಕಡೆ ನೋಡಿದೆ. ಅವರು ಜಪಮಾಲೆ ಹಿಡಿದು ನೆಲ ನೋಡುತ್ತಿದ್ದರು, ಅವರಿಗೂ ಗೊತ್ತಿತ್ತು. ಇಷ್ಟು ದಿನ ನಾನು ನನ್ನದೆಂದು ನೋಡಿ, ಕಣ್ಣಿಗೊತ್ತಿಕೊಂಡು ಕೃತಾರ್ಥಳಾದದ್ದು ಬೇರೆಯವರ ಅಂಗೈ. ನನ್ನ ಲಿಂಗವನ್ನು ಬೇರೆಯವರು ಹಿಡಿಯುವ ಕಾಲ ಎಂದೋ ಬಂದುಹೋಗಿತ್ತು, ನನಗೊಬ್ಬಳಿಗೆ ತಿಳಿಸಿರಲಿಲ್ಲ. ಆ ದಿನ ನಾನು ಪೂಜೆ ಅರ್ಧಕ್ಕೆ ಬಿಟ್ಟೆ. ಅನ್ನ ಬೇಡ, ಗುಳಿಗೆ ಬೇಡ ಅಂದೆ. ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರು ಬೈಸಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಆ ಗುಳಿಗೆಯಿಂದ ಹುಟ್ಟುವ ಹಸಿವು ತಡೆಯಲು ಆಗಲಿಲ್ಲ, ಪೂಜೆ ಮುಗಿಸದೆ ಉಣ್ಣುವ ಹಾಗಿರಲಿಲ್ಲ. "ಬರ್ರಿ, ಹಿಡೀರಿ" ಅಂತ ಕರೆದೆ. ಬಂದು ತಮ್ಮ ಅಂಗೈ ಹಿಡಿದರು. ಅವತ್ತಿನಿಂದ ಅದು ಯಾರ ಕೈ ಅನ್ನುವುದು ನಮ್ಮಿಬ್ಬರಿಗೂ ಗೊತ್ತು.

ಇಲ್ಲಿಂದ ಮುಂದಿನದನ್ನು ನಾನು ಬರೆಯುತ್ತಿಲ್ಲ, ವಿಜಿಗೆ ಹೇಳಿ ಬರೆಸುತ್ತಿದ್ದೇನೆ. ಅವಳಿಗೂ ಇದು ಈಗಲೇ ಗೊತ್ತಾಗುತ್ತಿದೆ. ಅಳುವುದಾದರೆ ಆಮೇಲೆ ಅಳು, ಈಗ ಬರಿ ಅಂದಿದ್ದೇನೆ. ನಾಲ್ಕೈದು ದಿನದಿಂದ ನನಗೆ ಬಲಗಡೆಯೂ ಮಸುಕಾಗುತ್ತಿದೆ. ಬಾಗಿಲು ಎಲ್ಲಿದೆ, ಜನ ಎಲ್ಲಿದ್ದಾರೆ ಅನ್ನುವುದು ತಿಳಿಯುತ್ತದೆ. ಅಂಗೈ ಮೇಲಿನ ಲಿಂಗ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ನಮ್ಮವರು ಎಂದಿನ ಹಾಗೆ ಪಕ್ಕದಲ್ಲಿ ಕೂತು ಕೈ ಎತ್ತಿ ಹಿಡಿದರು. ಎತ್ತಿ ಹಿಡಿದು ಹಿಡಿದು ದಣಿದ ಅವರ ತೋಳು ನನ್ನ ಭುಜಕ್ಕೆ ಒರಗಿತ್ತು.

"ಕಾಣತೈತೇನ?" ಅಂದರು.

ನಾನು ಪತ್ರಿಯನ್ನು ಅಂದಾಜಿನ ಮೇಲೆ ಏರಿಸಿ, "ಕಾಣತೈತ್ರಿ" ಅಂದೆ.